ಗಬ್ಬರ್ ಬಂಡೆಯ ಭೂಗೋಳ

ಶೋಲೆ ಸಿನಿಮಾದ ಗಬ್ಬರ್ ಅಬ್ಬರಿಸಿದ ರಾಮನಗರದ ಬಂಡೆಗಳ ವಯಸ್ಸೆಷ್ಟು, ಗೊತ್ತಾ? ಸುಮಾರು 250 ಕೋಟಿ ವರ್ಷ! ಊರಿನ ಹಳೇ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳಿಗೆ ಈ ಕಲ್ಲು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಮಾಗಡಿಯ ಸಾವನದುರ್ಗವೂ ಇದೇ ಕಲ್ಲು.

ಬಂಡೆ ಇಷ್ಟು ಹತ್ತಿರ ಇರುವಾಗ, ಇಲ್ಲಿನ ಹೈಸ್ಕೂಲ್ ಮಕ್ಕಳು ಶಿಥಿಲೀಕರಣವನ್ನ, ಅಂದ್ರೆ ಕಲ್ಲು ಸವೆದು ಪುಡಿಯಾಗೋದನ್ನ, ಬಾಯಿಪಾಠ ಮಾಡೋದ್ಯಾಕೆ? ಬೆಟ್ಟದ ಬುಡದಲ್ಲಿ ನಿಂತು ನೋಡಿ. ಬಂಡೆ ಈರುಳ್ಳಿ ಥರ ಪದರ ಪದರವಾಗಿ ಸುಲಿದಿರತ್ತೆ. ಕೆಳಗೆ ಉದುರಿದ್ದು ಹರಳು ಹರಳು ಮಣ್ಣು. ಅದೊಂದು ಹಿಡಿ, ಕೆರೆ ಅಂಗಳದ ಗೋಡು ಒಂದು ಹಿಡಿ. ಎರಡು ಬಾಟಲಿ ನೀರಿಗೆ ಹಾಕಿ ಕುಲುಕಿ. ಹರಳು ಮಣ್ಣು ತಕ್ಷಣ ತಳ ಸೇರತ್ತೆ. ಗೋಡು ಗಂಟೆಗಟ್ಟಲೆ ಕದಡೇ ಇರತ್ತೆ. ಬೆಟ್ಟದ ಬದಿ ರಾಗಿ, ಕೆರೆ ಅಚ್ಚುಕಟ್ಟಲ್ಲಿ ಭತ್ತ ಯಾಕೆ? ಅರ್ಧ ಉತ್ತರ ಆ ಬಾಟಲಿಯಲ್ಲಿದೆ. ಇನ್ನರ್ಧ, ಕೆರೆಯ ತೂಬಲ್ಲಿ.

‘ಪೋರ್ಷನ್ ಮುಗಿಯಲ್ಲ’ ಅಂತೀರಾ, ಮೇಷ್ಟ್ರೇ? ಕಲ್ಲು, ಮಣ್ಣು, ಬೆಳೆ, ಮೂರೂ ಪಾಠ ಅರ್ಧ ದಿನದಲ್ಲಿ ಆಯ್ತಲ್ಲ! ‘ಬೆಟ್ಟ ಅಪಾಯ’ ಅನ್ನೋದು ನಿಜ. ಹತ್ತೋದೇ ಬೇಡ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ, ಕಿರುಚಾಟವೂ ಬೇಡ. ಸೆಲ್ಫಿ ತಗೊಂಡು ಬಂದ್ರೆ ಅದು ಬರೀ ಟ್ರಿಪ್. ಪ್ರಶ್ನೆ ಹಿಡಿದು ಹೋಗಿ. ಕನಕಪುರದವರಿಗೆ ಅರ್ಕಾವತಿ ನದಿ ಇದೆ, ಚನ್ನಪಟ್ಟಣದವರಿಗೆ ಕಣ್ವ ಜಲಾಶಯ. ಬಾಟಲಿ ಮಾತ್ರ ಮನೆಯಿಂದ ತನ್ನಿ.