ಕರುಳಿನ ಉರಿಯೂತ ಕ್ಯಾನ್ಸರ್ ಆಗುತ್ತದೆಯೇ? ಭಯ ಎಷ್ಟು, ಸತ್ಯ ಎಷ್ಟು

ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಉರಿಯೂತ, ಎಂದು ಬರೆದ ವರದಿ ಮನೆಗೆ ಬಂದರೆ ಸಾಕು, ಅಂದು ರಾತ್ರಿಯೇ ಯಾರಾದರೊಬ್ಬರು ಮೊಬೈಲ್ ಹಿಡಿದು ಕೂರುತ್ತಾರೆ. ಹುಡುಕುವುದು ಒಂದನ್ನೇ: ಇದು ಮುಂದೆ ಕ್ಯಾನ್ಸರ್‌ಗೆ ತಿರುಗುತ್ತದಾ? ಸಿಗುವ ಉತ್ತರ ನಿದ್ದೆಗೆಡಿಸುವಂಥದ್ದು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ನೂರರಲ್ಲಿ 18 ಜನರಿಗೆ ದೊಡ್ಡ ಕರುಳಿನ ಕ್ಯಾನ್ಸರ್!

ಈ ಅಂಕಿಯನ್ನು ಯಾರೂ ಗಾಳಿಯಲ್ಲಿ ಹುಟ್ಟಿಸಿಲ್ಲ. 2001ರಲ್ಲಿ ಬ್ರಿಟನ್ನಿನ ವೈದ್ಯರು 116 ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಹಾಕಿದ ಲೆಕ್ಕ ಇದು. ಆದರೆ ಅವುಗಳಲ್ಲಿ ಬಹಳಷ್ಟು ದೊಡ್ಡ ಆಸ್ಪತ್ರೆಗಳಿಂದ ಬಂದವು, ಅಲ್ಲಿಗೆ ಹೋಗುವವರೇ ರೋಗ ಬಲಿತವರು. ಇಂದಿನ ಹಲವು ಔಷಧಿಗಳೂ ಆಗ ಇರಲಿಲ್ಲ. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆ ತನ್ನ 600 ರೋಗಿಗಳನ್ನು ದಶಕಗಳ ಕಾಲ ನಿಯಮಿತವಾಗಿ ತಪಾಸಣೆ ಮಾಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮೂವತ್ತು ವರ್ಷಕ್ಕೆ ಆ ಪ್ರಮಾಣ ನೂರಕ್ಕೆ 7.6. ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಲ್ಲಿ 1969ರಿಂದ 2017ರವರೆಗೆ 96 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಗಮನಿಸಿದಾಗ, ವರ್ಷಕ್ಕೆ ಸಾವಿರ ರೋಗಿಗಳಲ್ಲಿ ಸುಮಾರು 1.3 ಮಂದಿಗೆ ಕ್ಯಾನ್ಸರ್ ಬಂದಿತ್ತು. ಈ ಕಾಯಿಲೆ ಇಲ್ಲದವರಲ್ಲಿ ಅದು 0.8. ಅಪಾಯ ಹೆಚ್ಚು ಹೌದು, ಹಣೆಬರಹ ಅಲ್ಲ.

ಹಳೆಯ ಅಂಕಿಗೆ ಹೆದರುವುದು ಒಂದು ತಪ್ಪಾದರೆ, ಸರಾಸರಿಯನ್ನು ತಮ್ಮ ತಲೆಗೇ ಕಟ್ಟಿಕೊಳ್ಳುವುದು ಎರಡನೆಯ ತಪ್ಪು. ರೋಗ ಕರುಳಿನ ಎಷ್ಟು ಭಾಗವನ್ನು ಹಿಡಿದಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. 1990ರ ಸ್ವೀಡನ್ ಅಧ್ಯಯನದಲ್ಲಿ ಗುದನಾಳಕ್ಕಷ್ಟೇ ಉರಿಯೂತ ಇದ್ದವರಲ್ಲಿ ಅಪಾಯ ಸಾಮಾನ್ಯರ ಒಂದೂಮುಕ್ಕಾಲು ಪಟ್ಟು ಇದ್ದರೆ, ಇಡೀ ದೊಡ್ಡ ಕರುಳು ಕೆಟ್ಟವರಲ್ಲಿ ಸುಮಾರು 15 ಪಟ್ಟು ಇತ್ತು. ಹತ್ತಿರದ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಅಪಾಯ ಇನ್ನೂ ಏರುತ್ತದೆ. ಪಿತ್ತನಾಳಗಳು ಗಟ್ಟಿಯಾಗಿ ಕಿರಿದಾಗುವ ಪಿಎಸ್‌ಸಿ ಎಂಬ ಯಕೃತ್ತಿನ ಕಾಯಿಲೆ ಜೊತೆಗಿದ್ದರಂತೂ ಮೈಮರೆಯುವ ಹಾಗೇ ಇಲ್ಲ.

‘ಇದೆಲ್ಲ ಕೊಲೈಟಿಸ್‌ಗೆ ಮಾತ್ರ, ಕ್ರೋನ್ಸ್‌ಗೆ ಏನಿಲ್ಲ’ ಎನ್ನುವವರಿದ್ದಾರೆ. ಕ್ರೋನ್ಸ್ ಕೂಡ ಕರುಳಿನ ಉರಿಯೂತದ ಕಾಯಿಲೆಯೇ; ಅದು ದೊಡ್ಡ ಕರುಳಿಗೆ ತಾಗಿದ್ದರೆ ಇದೇ ಎಚ್ಚರಿಕೆ ಬೇಕು. ಈ ಎರಡನ್ನೂ ಸೇರಿಸಿ ಐಬಿಡಿ ಎನ್ನುತ್ತಾರೆ. ಇನ್ನು ಐಬಿಎಸ್ ಬೇರೆಯೇ ಸಂಗತಿ. ಹೆಸರು ಹತ್ತಿರ ಕೇಳಿಸಿದರೂ ಅದರಲ್ಲಿ ಉರಿಯೂತವಿಲ್ಲ, ಅದು ಕ್ಯಾನ್ಸರ್‌ಗೆ ದಾರಿಯೂ ಅಲ್ಲ.

‘ಉಷ್ಣ ಆಗಿದೆ’, ‘ಮೂಲವ್ಯಾಧಿ ಇರಬೇಕು’: ನಮ್ಮ ಕಡೆ ಮಲದಲ್ಲಿ ರಕ್ತ ಕಂಡಾಗ ಮೊದಲು ಹೊರಡುವ ಮಾತುಗಳಿವು. ಮಜ್ಜಿಗೆ, ಮೆಂತ್ಯ, ಆಮೇಲೆ ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಹೆಸರು ಬರೆಸಿಕೊಂಡ ಪೈಲ್ಸ್ ಚಿಕಿತ್ಸಕ. ಹೀಗೆ ವರ್ಷಗಳು ಹೋಗಿಬಿಡುತ್ತವೆ. ಕ್ಯಾನ್ಸರ್ ಅಪಾಯದ ಲೆಕ್ಕ ಶುರುವಾಗುವುದು ರೋಗಕ್ಕೆ ಹೆಸರಿಟ್ಟ ದಿನದಿಂದಲ್ಲ, ಲಕ್ಷಣ ಕಾಣಿಸಿದ ದಿನದಿಂದ. ಹಾಗಾಗಿ ವೈದ್ಯರು ‘ಯಾವಾಗಿನಿಂದ?’ ಎಂದು ಕೇಳಿದಾಗ, ಮೂಲವ್ಯಾಧಿ ಎಂದುಕೊಂಡ ಆ ವರ್ಷಗಳನ್ನೂ ಸೇರಿಸಿ ಹೇಳಬೇಕು.

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವ ನಂಬಿಕೆ ಬೇರೊಂದಿದೆ. ‘ಈ ಕಾಯಿಲೆಗೆ ಕೊಡುವ ಮಾತ್ರೆಗಳಿಂದಲೇ ಕ್ಯಾನ್ಸರ್ ಬರುತ್ತದಂತೆ.’ ಇದರಲ್ಲಿ ಒಂದು ಎಳೆ ಸತ್ಯವಿದೆ, ಅದಕ್ಕೇ ಇದು ಅಷ್ಟು ಸುಲಭವಾಗಿ ಹಬ್ಬುತ್ತದೆ. ಅಜಾಥಯೋಪ್ರಿನ್ ಗುಂಪಿನ ಮಾತ್ರೆಗಳು ಲಿಂಫೋಮಾ ಎಂಬ ಕ್ಯಾನ್ಸರ್‌ನ ಸಾಧ್ಯತೆಯನ್ನು ಏರಿಸುತ್ತವೆ. ಎಷ್ಟು? ಫ್ರಾನ್ಸಿನಲ್ಲಿ 1.89 ಲಕ್ಷ ರೋಗಿಗಳ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಈ ಬಗೆಯ ಔಷಧಿಯನ್ನೇ ತೆಗೆದುಕೊಳ್ಳದ ಹತ್ತು ಸಾವಿರ ರೋಗಿಗಳಲ್ಲಿ ವರ್ಷಕ್ಕೆ ಇಬ್ಬರು-ಮೂವರಿಗೆ ಲಿಂಫೋಮಾ. ಅಜಾಥಯೋಪ್ರಿನ್ ಗುಂಪಿನದನ್ನಷ್ಟೇ ತೆಗೆದುಕೊಂಡವರಲ್ಲಿ ಐದಾರು ಮಂದಿಗೆ. ಅದರ ಜೊತೆ ಉರಿಯೂತ ತಗ್ಗಿಸುವ ಆ್ಯಂಟಿ-ಟಿಎನ್‌ಎಫ್ ಇಂಜೆಕ್ಷನ್ನನ್ನೂ ಪಡೆದವರಲ್ಲಿ ಒಂಬತ್ತು-ಹತ್ತು ಮಂದಿಗೆ. ‘ಎರಡು ಪಟ್ಟು’ ಎಂದಾಗ ಬರುವ ನಡುಕ, ಹತ್ತು ಸಾವಿರಕ್ಕೆ ಐದು ಎಂದಾಗ ಬರುವುದಿಲ್ಲ. ಎರಡೂ ನಿಜವೇ. ಚರ್ಮದ ಕ್ಯಾನ್ಸರ್ ಸಾಧ್ಯತೆಯೂ ಸ್ವಲ್ಪ ಏರುತ್ತದೆ, ಅದು ಮುಖ್ಯವಾಗಿ ಬಿಳಿ ಚರ್ಮದವರ ಸಮಸ್ಯೆ. ಈ ಮಾತ್ರೆ ನುಂಗುವ ಹೆಂಗಸರು ಗರ್ಭಕೊರಳಿನ ತಪಾಸಣೆ ತಪ್ಪಿಸಬಾರದು. ಬಹುತೇಕ ಕೊಲೈಟಿಸ್ ರೋಗಿಗಳು ನುಂಗುವ ಮೆಸಲಮೈನ್‌ಗೆ ಇಂಥ ಅಪವಾದ ಇಲ್ಲವೇ ಇಲ್ಲ. ಅದು ಕರುಳಿನ ಕ್ಯಾನ್ಸರ್ ಸಾಧ್ಯತೆಯನ್ನು ತಗ್ಗಿಸೀತು ಎಂದು ಹಲವು ಅಧ್ಯಯನಗಳು ಸೂಚಿಸಿವೆ.

ಮಾತ್ರೆಗೆ ಹೆದರಿ ಬಿಟ್ಟವರ ಕರುಳಿನಲ್ಲಿ ಏನು ನಡೆಯುತ್ತದೆ? ಉರಿಯೂತ ಮರಳುತ್ತದೆ. ಒಳಪದರ ಹಾಳಾಗಿ ಮತ್ತೆ ಮತ್ತೆ ಹೊಸದಾಗಿ ಬೆಳೆಯುವ ಗಡಿಬಿಡಿಯಲ್ಲೇ ಜೀವಕೋಶಗಳ ವಂಶವಾಹಿಗಳಲ್ಲಿ ದೋಷ ಸೇರಿಕೊಳ್ಳುತ್ತದೆ. ಕ್ಯಾನ್ಸರ್‌ನ ಬೇರು ಅದು.

‘ರಕ್ತ ನಿಂತಿದೆ, ಆರಾಮಾಗಿದ್ದೇನೆ, ಮತ್ತೇಕೆ ಕೊಲೊನೋಸ್ಕೋಪಿ?’ ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸಿ ನೋಡುವ ಈ ಪರೀಕ್ಷೆಯ ಹಿಂದಿನ ದಿನ ಭೇದಿ ದ್ರಾವಣವನ್ನು ಲೀಟರುಗಟ್ಟಲೆ ಕುಡಿಯುವುದು ಯಾರಿಗೂ ಸುಖವಲ್ಲ. ಆದರೆ ಹೊರಗೆ ಆರಾಮಿದ್ದರೂ ಒಳಗೆ ಬೂದಿ ಮುಚ್ಚಿದ ಕೆಂಡ ಇರಬಹುದು, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಉರಿಯೂತ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯೂ ಇಲ್ಲಿ ಹಲವು ಸಲ ಗಂಟಾಗಿ ಎದ್ದು ಕಾಣುವುದಿಲ್ಲ, ಚಪ್ಪಟೆಯಾಗಿ ಪದರದಲ್ಲೇ ಅಡಗಿರುತ್ತದೆ. ಅದಕ್ಕೇ ನೀಲಿ ಬಣ್ಣ ಸಿಂಪಡಿಸಿ ನೋಡುವ ವಿಧಾನ ಬಂದಿದೆ. ರೋಗ ಶಾಂತವಾಗಿರುವಾಗಲೇ ಈ ಪರೀಕ್ಷೆ ಮಾಡುವುದು ಲೇಸು. ಉರಿಯೂತ ಜೋರಿರುವಾಗ ತೆಗೆದ ಬಯಾಪ್ಸಿ ಓದುವುದು ಪರಿಣತರಿಗೂ ಕಷ್ಟ.

ಸಾಮಾನ್ಯ ನಿಯಮವೆಂದರೆ ಲಕ್ಷಣ ಶುರುವಾಗಿ ಎಂಟು ವರ್ಷಕ್ಕೆ ಮೊದಲ ಕ್ಯಾನ್ಸರ್ ತಪಾಸಣೆ, ಆಮೇಲೆ ಅಪಾಯ ನೋಡಿಕೊಂಡು ಒಂದರಿಂದ ಐದು ವರ್ಷಕ್ಕೊಮ್ಮೆ. ಪಿಎಸ್‌ಸಿ ಇದ್ದವರಿಗೆ ಅದು ಪತ್ತೆಯಾದ ದಿನದಿಂದಲೇ, ಪ್ರತಿವರ್ಷ. ಗುದನಾಳದಲ್ಲಷ್ಟೇ ರೋಗ ಇದ್ದವರಿಗೆ ಈ ವೇಳಾಪಟ್ಟಿ ಬೇಕಿಲ್ಲ. ತಪಾಸಣೆಯಲ್ಲಿ ಏನಾದರೂ ಸಿಕ್ಕರೆ ಇಡೀ ಕರುಳೇ ಹೋಯಿತು ಎಂಬ ಕಾಲವೂ ಈಗಿಲ್ಲ. ಅಂಚು ಸ್ಪಷ್ಟವಾಗಿರುವ ಅಸಹಜ ಭಾಗವನ್ನು ಎಂಡೋಸ್ಕೋಪಿಯಲ್ಲೇ ಕತ್ತರಿಸಿ ತೆಗೆದು ನಿಗಾ ಇಡುತ್ತಾರೆ.

ಇನ್ನು ದೊಡ್ಡ ಕರುಳನ್ನು ತೆಗೆಸಿಯೇ ಬಿಟ್ಟವರು ‘ಇನ್ನೇನಿಲ್ಲ’ ಎಂದು ವೈದ್ಯರ ಕಡೆ ತಲೆ ಹಾಕದಿರುವುದುಂಟು. ಅಪಾಯ ಬಹಳ ಇಳಿಯುತ್ತದೆ ನಿಜ. ಆದರೆ ಹಲವರಲ್ಲಿ ಗುದನಾಳದ ತುಂಡೊಂದು ಒಳಗೇ ಉಳಿದಿರುತ್ತದೆ, ಹೊಟ್ಟೆಗೆ ಚೀಲ ಅಂಟಿಸಿಕೊಂಡವರಲ್ಲೂ. ಉಳಿದಿದೆಯೇ, ಎಷ್ಟು ಉಳಿದಿದೆ, ಅದನ್ನು ಯಾವಾಗ ನೋಡಬೇಕು ಎಂದು ಆಪರೇಷನ್ ಮಾಡಿದವರನ್ನೇ ಕೇಳಿ ಬರೆಸಿಕೊಳ್ಳಿ.