ಫಾರ್ಮ್ಯಾಟ್ ಮಾಡಿದರೂ ಬಿಡದ ಕಾಟ

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಫ್ಲಾಟು, ಪಿ.ಜಿ.ಗಳಲ್ಲಿ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್‌ಗಳಿಗೆ ಕೊರತೆಯಿಲ್ಲ. ಹೆಚ್ಚಿನವು ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತವೆ. ಕೆಲವು ಮಾತ್ರ ಹೊತ್ತುಗೊತ್ತಿಲ್ಲದೆ ಕೈಕೊಡುತ್ತವೆ. ಇವತ್ತು ಗೇಮ್ ಆಡುವಾಗ ನೀಲಿ ಪರದೆ, ನಾಳೆ ಆಫೀಸಿನ ಮೀಟಿಂಗ್ ಮಧ್ಯೆ ರೀಸ್ಟಾರ್ಟ್, ನಾಡಿದ್ದು ಏನೂ ಇಲ್ಲ. ಗೆಳೆಯರನ್ನು ಕೇಳಿದರೆ ಸಿಗುವ ಸಲಹೆ ಒಂದೇ: ‘ಫಾರ್ಮ್ಯಾಟ್ ಹೊಡಿ ಗುರು, ಸರಿ ಹೋಗುತ್ತೆ.’ ಎಷ್ಟೋ ಸಲ ಸರಿ ಹೋಗುವುದಿಲ್ಲ. ಒಂದು ಭಾನುವಾರ ಹಾಳಾಗುತ್ತದೆ, ಅಷ್ಟೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಡಬೇಕಾಯಿತು. ಸಾಫ್ಟ್‌ವೇರ್ ದೋಷ ಸಾಮಾನ್ಯವಾಗಿ ಹೀಗೇ ಇರುತ್ತದೆ: ಎಲ್ಲ ಕಡೆ ಒಂದೇ ಥರ, ಒಂದೇ ಜಾಗದಲ್ಲಿ. ಅದರ ಬದಲು ಒಂದೇ ಯಂತ್ರ ಪ್ರತಿ ಸಲ ಬೇರೆ ಕೆಲಸದ ನಡುವೆ, ಬೇರೆ ಸಂದೇಶ ತೋರಿಸಿ ಕುಸಿಯುತ್ತಿದ್ದರೆ ಅನುಮಾನ ಹಾರ್ಡ್‌ವೇರ್ ಮೇಲೆ ಹೋಗಬೇಕು.

ಅಂಥ ಕುಸಿತವನ್ನು ಆಕಸ್ಮಿಕ ಎಂದು ತಳ್ಳಿಹಾಕುವಂತೆಯೂ ಇಲ್ಲ. ಮೈಕ್ರೋಸಾಫ್ಟ್‌ನ ಸಂಶೋಧಕರು 10 ಲಕ್ಷ ಪಿ.ಸಿ.ಗಳ ಕುಸಿತದ ದಾಖಲೆ ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಂಟು ತಿಂಗಳಲ್ಲಿ ಸಾಕಷ್ಟು ದುಡಿದ ಯಂತ್ರಗಳಲ್ಲಿ ಸಿಪಿಯು ಭಾಗದ ದೋಷದಿಂದ ಕುಸಿದದ್ದು 190ರಲ್ಲಿ ಒಂದು. ಒಮ್ಮೆ ಕುಸಿದವುಗಳಲ್ಲಿ ಮತ್ತೆ ಕುಸಿದದ್ದು ಹೆಚ್ಚುಕಡಿಮೆ ಮೂರರಲ್ಲಿ ಒಂದು!

ಬೆಂಗಳೂರಿನ ಹೊರವಲಯದಲ್ಲಿ ಮೊದಲು ವಿಚಾರಿಸಬೇಕಾದ್ದು ಗೋಡೆಯ ಪ್ಲಗ್ ಪಾಯಿಂಟನ್ನೇ. ಪೀಣ್ಯದ ಆಸುಪಾಸಿನಲ್ಲಿ ಸಣ್ಣ ವರ್ಕ್‌ಶಾಪ್‌ಗಳೂ ಮನೆಗಳೂ ಒಂದೇ ಟ್ರಾನ್ಸ್‌ಫಾರ್ಮರ್ ಹಂಚಿಕೊಂಡ ಕಡೆ ದೊಡ್ಡ ಮೋಟಾರ್ ಚಾಲೂ ಆದರೆ ದೀಪ ಒಂದು ಕ್ಷಣ ಮಂಕಾಗುತ್ತದೆ. ದೀಪಕ್ಕೆ ಅದು ಮಂಕು, ಕಂಪ್ಯೂಟರಿಗೆ ಮರಣ. ಒಳ್ಳೆಯ ಎಸ್‌ಎಂಪಿಎಸ್ (ಕ್ಯಾಬಿನೆಟ್ ಒಳಗಿನ ಪವರ್ ಸಪ್ಲೈ) ಕರೆಂಟ್ ಹೋದ ಮೇಲೆ ಹಿಡಿದಿಡುವುದು ಸುಮಾರು 16 ಮಿಲಿಸೆಕೆಂಡ್. ಅಗ್ಗದ್ದು ಅಷ್ಟನ್ನೂ ಹಿಡಿಯದು. ಮನೆಯ ಇನ್ವರ್ಟರ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸ್ವಿಚ್ ಇರುತ್ತದೆ: ಒಂದು ಬದಿ ‘ಯುಪಿಎಸ್’, ಇನ್ನೊಂದು ಬದಿ ‘ನಾರ್ಮಲ್’ ಅಥವಾ ‘ಇಕೋ’. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು 16 ಮಿಲಿಸೆಕೆಂಡ್‌ಗಿಂತ ಹೆಚ್ಚೇ ಬೇಕಾಗಬಹುದು. ಫ್ಯಾನು, ಲೈಟು ಏನೂ ಆಗದಂತೆ ನಡೆಯುತ್ತಿರುತ್ತವೆ, ಪಿ.ಸಿ. ಮಾತ್ರ ರೀಸ್ಟಾರ್ಟ್ ಆಗಿರುತ್ತದೆ. ಮಾಲೀಕ ವಿಂಡೋಸನ್ನು ಬೈಯುತ್ತಾನೆ. ಡೀಸೆಲ್ ಜನರೇಟರ್ ಇರುವ ಅಪಾರ್ಟ್‌ಮೆಂಟ್‌ನಲ್ಲಿ ನಡುವಿನ ಅಂತರ ಕೆಲವು ಸೆಕೆಂಡ್‌ಗಳೇ ಆದ್ದರಿಂದ ಪ್ರತ್ಯೇಕ ಯುಪಿಎಸ್ ಇಲ್ಲದೆ ಆಗದು. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ಸರಿಯಿಲ್ಲ. ಅಲ್ಲಿಗೆ ಬೇಕಾದ್ದು ಎಲೆಕ್ಟ್ರಿಷಿಯನ್.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದರೆ ಹೀಗೆ ದಿಢೀರ್ ರೀಸ್ಟಾರ್ಟ್ ಆದ ಸಂದರ್ಭದಲ್ಲಿ ‘ಕರ್ನೆಲ್-ಪವರ್ 41’ ಎಂಬ ಕೆಂಪು ಸಾಲು ಕಾಣುತ್ತದೆ. ಅದನ್ನು ಕಂಡ ಕೂಡಲೇ ಎಸ್‌ಎಂಪಿಎಸ್ ಬದಲಿಸಲು ಹೊರಡುವವರು ಬಹಳ. ಆ ಸಾಲು ಹೇಳುವುದು, ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದನ್ನಷ್ಟೇ. ವಿವರದಲ್ಲಿ ‘ಬಗ್‌ಚೆಕ್ ಕೋಡ್’ ಸೊನ್ನೆ ಇದ್ದರೆ ನೀಲಿ ಪರದೆ ದಾಖಲಾಗಲೇ ಇಲ್ಲ ಎಂದರ್ಥ; ಕರೆಂಟ್ ಹೋಗಿರಬಹುದು, ಯಂತ್ರ ಮರಗಟ್ಟಿರಲೂಬಹುದು. ಬೇರೆ ಸಂಖ್ಯೆ ಇದ್ದರೆ ಅದನ್ನು ಹಿಡಿದು ಹೋಗಬೇಕು.

ಎರಡನೆಯ ಶಂಕಿತ ರ‍್ಯಾಮ್. ಡಬ್ಬಿಯ ಮೇಲೆ 3200 ಅಥವಾ 6000 ಎಂದು ಬರೆದಿರುವ ವೇಗ ಎಷ್ಟೋ ಸಲ ತಾನಾಗಿ ಬರುವುದಿಲ್ಲ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಮಾಡಿದರೆ ಮಾತ್ರ ಸಿಗುವ ಆ ವೇಗ ಒಂದು ರೀತಿಯಲ್ಲಿ ಓವರ್‌ಕ್ಲಾಕಿಂಗೇ. ಅದನ್ನು ಆಫ್ ಮಾಡಿ ಒಂದೆರಡು ದಿನ ನಡೆಸಿ ನೋಡುವುದು ಪೈಸೆ ಖರ್ಚಿಲ್ಲದ ಪರೀಕ್ಷೆ. ಆಮೇಲೆ ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 ಎಂಬ ಪರೀಕ್ಷಾ ತಂತ್ರಾಂಶ ಹಾಕಿ ರಾತ್ರಿಯಿಡೀ ಬಿಡಬೇಕು. ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮನ್ನು ನಂಬುವಂತಿಲ್ಲ. ಎರಡು ಸ್ಟಿಕ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿದರೆ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಶೇ 8ಕ್ಕೂ ಹೆಚ್ಚು ರ‍್ಯಾಮ್ ಸ್ಟಿಕ್‌ಗಳಲ್ಲಿ ತಪ್ಪು ಕಂಡಿತ್ತು. ಸರ್ವರ್‌ನ ರ‍್ಯಾಮ್ ಸಣ್ಣ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಮನೆಯ ಪಿ.ಸಿ.ಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ.

ಮೂರನೆಯ ಶಂಕಿತ ಬಿಸಿ. ಅದರ ಬಗ್ಗೆ ಬೇಗ ಹೇಳಿ ಮುಗಿಸಬಹುದು. ರಸ್ತೆ, ಕಟ್ಟಡಗಳ ಕಾಮಗಾರಿ ಮುಗಿಯದ ಬಡಾವಣೆಯಲ್ಲಿ ಫ್ಯಾನಿನ ರೆಕ್ಕೆ, ಹೀಟ್‌ಸಿಂಕ್ ಸಂದಿಗಳಿಗೆ ಕೆಂಪು ದೂಳು ಮೆತ್ತಿಕೊಂಡು ಬಿಸಿ ಹೊರಹೋಗದೆ ಯಂತ್ರ ಕುಸಿಯಬಹುದು. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳದೆಯೇ ಕೂರಿಸಿದವರೂ ಇದ್ದಾರೆ.

ಇಷ್ಟೆಲ್ಲ ಆದ ಮೇಲೂ ಗುಟ್ಟು ಬಿಡದ ಪ್ರಕರಣಗಳಿವೆ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಗೇಮ್‌ಗಳು ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಕೊಟ್ಟು ನಿಲ್ಲುತ್ತಿದ್ದವು. ಸಂದೇಶ ಬೊಟ್ಟು ಮಾಡಿದ್ದು ಗ್ರಾಫಿಕ್ಸ್ ಕಾರ್ಡ್ ಕಡೆಗೆ, ತಪ್ಪಿದ್ದದ್ದು ಸಿಪಿಯುನಲ್ಲಿ. ಚಿಪ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆದು ನಿಧಾನವಾಗಿ ಸವೆಯುತ್ತಿತ್ತು. 2024ರ ಜುಲೈನಲ್ಲಿ ಇಂಟೆಲ್ ಅದನ್ನು ಒಪ್ಪಿಕೊಂಡು, ಆಗಸ್ಟ್‌ನಿಂದ ಬಯೋಸ್ ಮೂಲಕ ಮೈಕ್ರೋಕೋಡ್ ಅಪ್‌ಡೇಟ್ ರೂಪದ ಪರಿಹಾರ ಕೊಟ್ಟಿತು.

ಅಪ್‌ಡೇಟ್ ಮುಂದಿನ ಸವೆತ ತಡೆಯುತ್ತದೆಯೇ ಹೊರತು ಆಗಲೇ ಸವೆದ ಚಿಪ್ಪನ್ನು ರಿಪೇರಿ ಮಾಡದು, ಬದಲಾಯಿಸಿಯೇ ತೀರಬೇಕು. ಅದಕ್ಕೆಂದೇ ಇಂಟೆಲ್ ಈ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದೆ. ಡಬ್ಬಿಯಲ್ಲಿ ಬಂದ ಚಿಪ್‌ಗೆ ಮೂರಿದ್ದದ್ದು ಐದಾಗಿದೆ. ಬದಲಿ ಕೇಳಲು ಹೋಗುವವರು ಸೀರಿಯಲ್ ನಂಬರ್ ಇರುವ ಬಿಲ್ ಜೊತೆಗೆ, ಎಕ್ಸ್‌ಎಂಪಿ ಆಫ್ ಇದ್ದಾಗಲೂ ತೊಂದರೆ ಬಂದದ್ದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದರೆ ಮಾತು ಚಿಕ್ಕದಾಗುತ್ತದೆ.