ಬಂಧನವಾದ ಮನೆಯ ಝಡತಿ

ಚಿಕ್ಕೋಡಿಯಲ್ಲಾಗಲಿ ಅಥಣಿಯಲ್ಲಾಗಲಿ, ಮನೆಯ ಯಜಮಾನನನ್ನು ಪೋಲೀಸರು ಬಂಧಿಸಿದರೆಂದ ಮಾತ್ರಕ್ಕೆ ಅವನ ಕಪಾಟು ಪೆಟ್ಟಿಗೆಗಳೆಲ್ಲ ಅವರಿಗೆ ತೆರೆದಂತಾಯಿತೆ? ಇಲ್ಲ. ವಾರಂಟಿಲ್ಲದೆ ಝಡತಿ ನಡೆಸಲು ಕಾಯಿದೆಯಲ್ಲಿ ಎಡೆಯುಂಟು, ನಿಜ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೆಯ ಕಲಮು ಅದಕ್ಕೆ ಮಿತಿ ಹಾಕಿದೆ. ತನಿಖೆಗೆ ಬೇಕಾದ ವಸ್ತು ಅಲ್ಲಿಯೇ ಇದೆಯೆಂದೂ ಬೇರೆ ಮಾರ್ಗದಿಂದ ಪಡೆಯಹೋದರೆ ಅನುಚಿತ ವಿಳಂಬವಾದೀತೆಂದೂ ನಂಬಲು ಕಾರಣವಿರಬೇಕು. ಆ ಕಾರಣವನ್ನೂ, ಸಾಧ್ಯವಾದಷ್ಟು ಮಟ್ಟಿಗೆ ಹುಡುಕುವ ವಸ್ತುವನ್ನೂ ಅಧಿಕಾರಿಯು ಮೊದಲೇ ಬರೆದಿಡಬೇಕು. 48 ಗಂಟೆಯೊಳಗೆ ಅದರ ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಝಡತಿಯನ್ನು ಚಿತ್ರೀಕರಿಸಲೂ ಬೇಕು.

ಈ ಬರವಣಿಗೆಯ ಬೆಲೆಯೇನೆಂಬುದು ತಂಬಾಕಿನ ಪೇಟೆಯಾದ ನಿಪ್ಪಾಣಿಯವರಿಗೆ ಬೇಗ ತಿಳಿದೀತು. ರಾಜಸ್ಥಾನದ ತಂಬಾಕು ಬೆಳೆಗಾರನೊಬ್ಬನ ಮನೆಯನ್ನು ಶೋಧಿಸಲು ಕೇಂದ್ರ ಅಬಕಾರಿ ಅಧಿಕಾರಿ ಬಂದಾಗ ಅವನು ತಡೆದನು. ಹಳೆಯ ಸಂಹಿತೆಯ 165ನೆಯ ಕಲಮಿನಂತೆ ಕಾರಣ ಬರೆದಿರದ ಕಾರಣ ಶೋಧವೇ ಕ್ರಮಬಾಹಿರ, ತಡೆದವನು ಅಪರಾಧಿಯಲ್ಲವೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. 1960ರ ಕಾನೂನು ವರದಿಗಳಲ್ಲಿ ಈ ಮೊಕದ್ದಮೆಯಿದೆ.

ಹಾಗೆಂದು ಬಾಗಿಲಿಗೆ ಅಡ್ಡ ನಿಲ್ಲುವುದು ವಿವೇಕವಲ್ಲ. ಕಾರಣ ಬರೆದಿದ್ದಾರೆಯೇ ಎಂಬುದು ಆ ಗಳಿಗೆಯಲ್ಲಿ ಮನೆಯವರಿಗೆ ತಿಳಿಯದು. ಅಲ್ಲದೆ, ಕ್ರಮ ತಪ್ಪಿದ ಶೋಧದಲ್ಲಿ ಸಿಕ್ಕ ವಸ್ತುವೂ ಸಾಕ್ಷ್ಯವಾಗಿ ನಿಲ್ಲಬಹುದು. ಆದುದರಿಂದ ಶೋಧದ ವೇಳೆಯಲ್ಲಿಯೇ ಎಚ್ಚರ ಬೇಕು. ನೆರೆಹೊರೆಯ ಇಬ್ಬರು ಗೌರವಸ್ಥ ಪಂಚರನ್ನು ಕರೆದಿದ್ದಾರೆಯೇ ನೋಡಿರಿ. ಮನೆಯವರೊಬ್ಬರು ಜೊತೆಯಲ್ಲಿಯೇ ಇರಿ. ಅದು ನಿಮ್ಮ ಹಕ್ಕು. ಹೆಂಗಸರ ಮೈ ಶೋಧವನ್ನು ಹೆಂಗಸೇ ಮರ್ಯಾದೆಯಿಂದ ಮಾಡಬೇಕು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ಮರುದಿನಗಳಲ್ಲಿ ಅರ್ಜಿ ಕೊಟ್ಟರೆ, ಅಧಿಕಾರಿ ಬರೆದ ಕಾರಣದ ಪ್ರತಿಯನ್ನೂ ಮ್ಯಾಜಿಸ್ಟ್ರೇಟರು ಪುಕ್ಕಟೆಯಾಗಿ ಕೊಡಿಸುತ್ತಾರೆ.